ವಿಕ್ಟೋರಿಯಾ ಸರೋವರದ ಪ್ರವಾಸಗ್ರಂಥಗಳು: ಒಂದು ಸಾಕ್ಷ್ಯವಿಮರ್ಶೆ

1

ಆಫ್ರಿಕಾ ಖಂಡದ ಪೂರ್ವಭಾಗದಲ್ಲಿ, ಭೂಮಧ್ಯರೇಖೆಯ ಇಕ್ಕೆಲಗಳಲ್ಲಿ ಹರಡಿಕೊಂಡಿರುವ ವಿಕ್ಟೋರಿಯಾ ಸರೋವರವು ವಿಸ್ತಾರದಲ್ಲಿ ಜಗತ್ತಿನ ಸಿಹಿನೀರಿನ ಸರೋವರಗಳ ಪೈಕಿ ಎರಡನೆಯದು. ಅದರ ಹರವು ಸುಮಾರು 68,800 ಚದರ ಕಿಲೋಮೀಟರುಗಳು. ಎಂದರೆ ನಮ್ಮ ಕರ್ನಾಟಕ ರಾಜ್ಯದ ಮೂರರಲ್ಲೊಂದು ಪಾಲಿಗೂ ಮಿಗಿಲಾದುದು. ಆಳವಾದರೋ ಹೆಚ್ಚೆಂದರೆ 80 ಮೀಟರುಗಳಷ್ಟು ಮಾತ್ರ. ಟಾಂಜಾನಿಯಾ, ಉಗಾಂಡಾ, ಕೀನ್ಯಾ ಎಂಬ ಮೂರು ದೇಶಗಳು ಇದನ್ನು ಹಂಚಿಕೊಂಡಿವೆ. ಇದರಿಂದ ಹೊರಕ್ಕೆ ಹರಿಯುವ ನದಿ ಒಂದೇ; ಅದು ನೈಲ್. ಈ ಒಂದು ಸಂಗತಿಯಿಂದಾಗಿಯೇ ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಈ ಸರೋವರವನ್ನು ಕುರಿತು ದೊಡ್ಡದೊಂದು ಪ್ರವಾಸಸಾಹಿತ್ಯವೇ ಬೆಳೆಯಿತು. ಅದರ ಮರಿಮಕ್ಕಳಂತಿರುವ ಪ್ರವಾಸಿ ಕೈಪಿಡಿಗಳು ಇಂದಿಗೂ ಪ್ರಕೃತಿ ಮತ್ತು ಸಾಹಸಗಳ ಹೆಸರಿನಲ್ಲಿ ಜನರನ್ನು ಅದರ ತೀರಕ್ಕೆ ಕರೆಯುತ್ತಿವೆ.

ಈ ಗ್ರಂಥಗಳನ್ನು ಇಲ್ಲಿ ವಿಮರ್ಶೆಗೆ ತೆಗೆದುಕೊಳ್ಳಲು ಕಾರಣವಾದುದು ತರಗತಿಯ ಒಂದು ಪ್ರಸಂಗ. ಭೌಗೋಳಿಕ ಶೋಧಗಳ ಪಾಠದಲ್ಲಿ ನಾನು ವಾಡಿಕೆಯಂತೆ, "1858ರಲ್ಲಿ ಸ್ಪೀಕನು ವಿಕ್ಟೋರಿಯಾ ಸರೋವರವನ್ನು ಕಂಡುಹಿಡಿದನು" ಎಂದು ಹೇಳಿ ಮುಂದುವರಿಯುತ್ತಿದ್ದೆ. ಆಗ ಒಬ್ಬ ವಿದ್ಯಾರ್ಥಿನಿ, "ಅವನಿಗೆ ದಾರಿ ತೋರಿಸಿದವರು ಯಾರು, ಸಾರ್?" ಎಂದು ಕೇಳಿದಳು. ಮರುದಿನ ಬೇರೊಬ್ಬ ವಿದ್ಯಾರ್ಥಿಯು ತನ್ನ ಫೋನಿಗೆ ಬಂದಿದ್ದ ಒಂದು ಬರಹವನ್ನು ತೋರಿಸಿ, ಸ್ಪೀಕನಿಗೆ ದಾರಿ ತೋರಿಸಿದುದು ನಮ್ಮ ಪುರಾಣಗಳೇ ಎಂದು ಹೆಮ್ಮೆಯಿಂದ ಹೇಳಿದನು. ಮೊದಲನೆಯ ಪ್ರಶ್ನೆಗೆ ನನ್ನಲ್ಲಿ ಆಗ ಸರಿಯಾದ ಉತ್ತರವಿರಲಿಲ್ಲ. ಎರಡನೆಯ ಮಾತನ್ನು ಅಲ್ಲಗಳೆಯಲು ಬೇಕಾದ ಆಧಾರಗಳೂ ಕೈಯಲ್ಲಿರಲಿಲ್ಲ. ಇತಿಹಾಸವನ್ನು ಬೋಧಿಸುವವನಿಗೆ ಇದು ಒಪ್ಪುವ ಸ್ಥಿತಿಯಲ್ಲ. ಮೂಲಗ್ರಂಥಗಳನ್ನು ಮತ್ತೆ ತೆರೆದು ನೋಡಿದುದರ ಫಲವೇ ಈ ಲೇಖನ.

ಇಲ್ಲಿ ಪರಿಶೀಲಿಸಿರುವ ಮುಖ್ಯ ಕೃತಿಗಳು, ಬರ್ಟನನು 1860ರಲ್ಲಿ ಪ್ರಕಟಿಸಿದ ಮಧ್ಯ ಆಫ್ರಿಕಾದ ಸರೋವರಪ್ರಾಂತಗಳನ್ನು ಕುರಿತ ಗ್ರಂಥ, 1863ರಲ್ಲಿ ಮತ್ತು 1864ರಲ್ಲಿ ಹೊರಬಂದ ಸ್ಪೀಕನ ಎರಡು ಗ್ರಂಥಗಳು, ಹಾಗೂ 1878ರಲ್ಲಿ ಬಂದ ಸ್ಟಾನ್ಲಿಯ ಗ್ರಂಥ. ಇವು ಸಾಹಸಕಥೆಗಳಾಗಿ ಎಷ್ಟು ರಮ್ಯವೆಂಬುದು ನಮ್ಮ ಪ್ರಶ್ನೆಯಲ್ಲ. ಸಾಕ್ಷ್ಯಗಳಾಗಿ ಇವು ಯಾವ ಮಾತಿಗೆ ನಿಲ್ಲುತ್ತವೆ, ಯಾವ ಮಾತಿಗೆ ನಿಲ್ಲುವುದಿಲ್ಲ, ಯಾರ ಮಾತನ್ನು ಬರೆದುಕೊಂಡು ಯಾರ ಹೆಸರನ್ನು ಮರೆತಿವೆ ಎಂಬುದಷ್ಟೇ ಇಲ್ಲಿಯ ವಿಚಾರ.

2

ಮೊದಲು ಘಟನೆಗಳನ್ನು ಸಂಕ್ಷೇಪವಾಗಿ ನೆನೆಯೋಣ. ರಿಚರ್ಡ್ ಬರ್ಟನ್ ಮತ್ತು ಜಾನ್ ಹ್ಯಾನಿಂಗ್ ಸ್ಪೀಕ್ ಇಬ್ಬರೂ ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯಾಧಿಕಾರಿಗಳು. ಮೊದಲನೆಯವನು ಮುಂಬಯಿ ಸೈನ್ಯಕ್ಕೂ ಎರಡನೆಯವನು ಬಂಗಾಳ ಸೈನ್ಯಕ್ಕೂ ಸೇರಿದವರು. 1857ರ ಜೂನ್ ತಿಂಗಳಲ್ಲಿ, ಎಂದರೆ ಉತ್ತರ ಭಾರತದಲ್ಲಿ ಬಂಡಾಯದ ಕಿಚ್ಚು ಹರಡುತ್ತಿದ್ದ ದಿನಗಳಲ್ಲಿಯೇ, ಇವರು ಜಾಂಜಿಬಾರಿನ ಎದುರಿನ ಕರಾವಳಿಯಿಂದ ಒಳನಾಡಿಗೆ ಹೊರಟರು. ಅದೇ ವರ್ಷದ ನವೆಂಬರಿನಲ್ಲಿ ಕಾಜೆ ಎಂಬ ವ್ಯಾಪಾರಸ್ಥಾನವನ್ನು ಸೇರಿದರು. ಇಂದಿನ ಟಬೋರಾ ನಗರವು ಆ ಪ್ರದೇಶದಲ್ಲಿದೆ. 1858ರ ಫೆಬ್ರವರಿಯಲ್ಲಿ ಟಾಂಗನ್ಯಿಕಾ ಸರೋವರವನ್ನು ಮುಟ್ಟಿದರು. ಆ ವೇಳೆಗೆ ಬರ್ಟನನು ಜ್ವರದಿಂದ ಕಾಲಿನ ಶಕ್ತಿಯನ್ನು ಕಳೆದುಕೊಂಡು ಹೊರಿಸಿಕೊಂಡು ಹೋಗಬೇಕಾಗಿತ್ತು. ಸ್ಪೀಕನಾದರೋ ಕಣ್ಣುಬೇನೆಯಿಂದ ಮುಂದಿನ ದೃಶ್ಯವನ್ನು ಸರಿಯಾಗಿ ಕಾಣಲಾರದವನಾಗಿದ್ದನು. ದೂರದಲ್ಲಿ ಹೊಳೆಯುವ ಗೆರೆ ನೀರೆಂದು ಬರ್ಟನನಿಗೆ ತಿಳಿಸಿದವನು ಅವರ ಪರಿವಾರದ ಸಿದಿ ಮುಬಾರಕ್ ಬಾಂಬೆ ಎಂಬ ಆಫ್ರಿಕನನು. ಸರೋವರದ "ಶೋಧ"ದ ಮೊದಲ ಗಳಿಗೆಯಲ್ಲಿಯೇ ಶೋಧಕರು ಇತರರ ಕಾಲು, ಇತರರ ಕಣ್ಣುಗಳನ್ನು ನಂಬಿದ್ದರೆಂಬುದನ್ನು ಇಲ್ಲಿ ಗಮನಿಸಬೇಕು.

ಕಾಜೆಗೆ ಹಿಂದಿರುಗಿದ ಮೇಲೆ ಬರ್ಟನನು ಅಲ್ಲಿಯೇ ಉಳಿದನು. ಸ್ಪೀಕನು ಜುಲೈ ತಿಂಗಳಲ್ಲಿ ಉತ್ತರಕ್ಕೆ ಹೊರಟು, ಆಗಸ್ಟ್ 3ರಂದು ಇಂದಿನ ಮ್ವಾಂಜಾ ನಗರವಿರುವೆಡೆಯಲ್ಲಿ ಸರೋವರದ ದಕ್ಷಿಣ ತುದಿಯನ್ನು ಕಂಡನು. ಅಲ್ಲಿ ಅವನಿದ್ದುದು ಮೂರು ದಿನ. ದೋಣಿ ಹತ್ತಲಿಲ್ಲ, ತೀರವನ್ನು ಅನುಸರಿಸಿ ನಡೆಯಲಿಲ್ಲ. ಒಂದು ದಿಬ್ಬದ ಮೇಲಿನಿಂದ ನೋಡಿ, ನೈಲ್ ನದಿಯ ಮೂಲವು ಇದೇ ಎಂದು ನಿಶ್ಚಯಿಸಿ, ತನ್ನ ರಾಣಿಯ ಹೆಸರನ್ನು ಅದಕ್ಕಿಟ್ಟು ಹಿಂದಿರುಗಿದನು.

ಈ ನಿಶ್ಚಯಕ್ಕೆ ಆಧಾರವೇನು? ಸ್ಪೀಕನ ಬರಹದಿಂದಲೇ ಎತ್ತಿ ಹೇಳುವುದಾದರೆ ಅವು ಮುಖ್ಯವಾಗಿ ಮೂರು. ಮೊದಲನೆಯದು ಅಳತೆ. ನೀರು ಕುದಿಯುವ ಉಷ್ಣತೆಯಿಂದ ಅವನು ಸರೋವರದ ಎತ್ತರವನ್ನು ಸಮುದ್ರಮಟ್ಟಕ್ಕಿಂತ ಸುಮಾರು 3,700 ಅಡಿಗಳೆಂದು ಗಣಿಸಿದನು. ಇದು ಇಂದಿನ ಅಳತೆಗೆ ಬಹು ಸಮೀಪವಾದುದು. ನೈಲ್ ನದಿಯು ಇಲ್ಲಿಂದ ಇಳಿದು ಹೋಗುವುದು ಸಾಧ್ಯವೆಂಬುದಕ್ಕೆ ಬಲವಾದ ಆಧಾರ. ಎರಡನೆಯದು ಕಾಜೆಯ ವರ್ತಕರ ಹೇಳಿಕೆ. ಸ್ನೇ ಬಿನ್ ಅಮೀರ್ ಎಂಬ ಅರಬ್ ವರ್ತಕನು, ಯೂರೋಪಿನ ನಕ್ಷೆಗಳಲ್ಲಿ ಒಂದೇ ಮಹಾಜಲವಾಗಿ ತೋರಿಸಲಾಗಿದ್ದುದು ವಾಸ್ತವವಾಗಿ ಮೂರು ಬೇರೆ ಬೇರೆ ಸರೋವರಗಳೆಂದೂ, ಉತ್ತರದ ಉಕೆರೆವೆಯು ಟಾಂಗನ್ಯಿಕಾಗಿಂತ ದೊಡ್ಡದೆಂದೂ ಅವರಿಗೆ ಮೊದಲೇ ತಿಳಿಸಿದ್ದನು. ಮೂರನೆಯದು, ಮ್ವಾಂಜಾದಲ್ಲಿ ಬಹುದೇಶ ಸುತ್ತಿದವನೆಂದು ಹೆಸರಾದ ಒಬ್ಬನ ಉತ್ತರ. ಸರೋವರದ ಉದ್ದವೆಷ್ಟೆಂದು ಕೇಳಲಾಗಿ, ಅವನು ಉತ್ತರಕ್ಕೆ ಮುಖಮಾಡಿ ಬೆರಳು ಚಿಟಿಕೆ ಹೊಡೆಯುತ್ತಾ, ಅದು ಲೋಕದ ಕೊನೆಯವರೆಗೂ ಇದ್ದೀತೆಂಬ ಅರ್ಥದ ಮಾತಾಡಿದನಂತೆ. ಇದನ್ನು ಸ್ಪೀಕನು ಸರೋವರದ ಅಗಾಧತೆಗೆ ಪ್ರಮಾಣವಾಗಿ ಗ್ರಹಿಸಿದನು.

ಈ ಮೂರರಲ್ಲಿ ಮೊದಲಿನದು ವೈಜ್ಞಾನಿಕ ಸಾಕ್ಷ್ಯ; ಎರಡನೆಯದು ಅನುಭವಿಗಳ ಸಾಕ್ಷ್ಯ; ಮೂರನೆಯದನ್ನು ಸಾಕ್ಷ್ಯವೆನ್ನುವುದೇ ಕಷ್ಟ. ದೂರದ ನೀರನ್ನು ಕುರಿತು "ಅದಕ್ಕೆ ಕೊನೆಯೆಲ್ಲಿ?" ಎಂದು ನಮ್ಮ ಕರಾವಳಿಯ ಮೊಗವೀರನೂ ಹೇಳಿಯಾನು. ಅದು ಅಳತೆಯ ಮಾತಲ್ಲ. ಸ್ಪೀಕನ ತೀರ್ಮಾನವು ನಿಜವಾಯಿತು; ಆದರೆ ಆ ದಿನ ಅವನ ಕೈಯಲ್ಲಿದ್ದ ಪ್ರಮಾಣಗಳಿಗಿಂತ ತೀರ್ಮಾನವು ದೊಡ್ಡದಾಗಿತ್ತು. ವಿದ್ಯಾರ್ಥಿಗಳಿಗೆ ಈ ಭೇದವನ್ನು ತಿಳಿಸುವುದು ಅವಶ್ಯಕ. ಮುಂದೆ ಸತ್ಯವೆಂದು ಸಿದ್ಧವಾದ ಮಾತ್ರಕ್ಕೆ ಒಂದು ಊಹೆಯು ಹಿಂದೆಯೂ ಸಿದ್ಧಾಂತವಾಗಿತ್ತೆಂದು ಹೇಳಲಾಗದು.

ಬರ್ಟನನು ಈ ದೌರ್ಬಲ್ಯವನ್ನು ಕಂಡು ಕಟುವಾಗಿ ಖಂಡಿಸಿದನು. ಸ್ಪೀಕನಿಗೆ ಅರಬ್ಬೀ ಬಾರದು. ಅವನ ಪ್ರಶ್ನೆ ಹರಕು ಹಿಂದೂಸ್ತಾನಿಯಲ್ಲಿ ಬಾಂಬೆಗೆ ಹೋಗಿ, ಅವನಿಂದ ಸ್ವಾಹಿಲಿಗೆ, ಅಲ್ಲಿಂದ ಸ್ಥಳೀಯ ನುಡಿಗೆ ತಿರುಗಿ, ಉತ್ತರವು ಅದೇ ಮೆಟ್ಟಿಲುಗಳನ್ನು ಇಳಿದು ಬಂದಾಗ ಏನು ತಾನೇ ಉಳಿದಿರುತ್ತದೆ ಎಂಬುದು ಅವನ ಆಕ್ಷೇಪ. ಆಕ್ಷೇಪವು ಸಾಧುವಾದುದೇ. ಆದರೆ ಬರ್ಟನನು ತನ್ನ ವಿಷಯದಲ್ಲಿ ಅದೇ ಕಟ್ಟುನಿಟ್ಟನ್ನು ಅನುಸರಿಸಿದನೇ? ಟಾಂಗನ್ಯಿಕಾದ ಉತ್ತರ ತುದಿಯ ರುಸಿಜಿ ನದಿಯು ಸರೋವರದೊಳಕ್ಕೆ ಹರಿದು ಬರುತ್ತದೆಯೇ ಹೊರತು ಹೊರಕ್ಕೆ ಹೋಗುವುದಿಲ್ಲವೆಂದು ಉವಿರಾದ ಸ್ಥಳೀಯರು 1858ರಲ್ಲಿಯೇ ಅವರಿಗೆ ಸ್ಪಷ್ಟವಾಗಿ ಹೇಳಿದ್ದರು. ಬರ್ಟನನು ಅದನ್ನು ಆಗ ಒಪ್ಪಿಯೂ ಇದ್ದನು. ಸ್ಪೀಕನೊಡನೆ ವೈರವು ಬಲಿತ ಮೇಲೆ, 1864ರಲ್ಲಿ, ನೈಲ್ ನದಿಯು ಟಾಂಗನ್ಯಿಕಾದಿಂದಲೇ ಹೊರಡುವುದೆಂದು ವಾದಿಸುವ ಸಲುವಾಗಿ ಆ ಹೇಳಿಕೆಯನ್ನು ತಲೆಕೆಳಗು ಮಾಡಿದನು. 1871ರ ಕೊನೆಯಲ್ಲಿ ಲಿವಿಂಗ್‌ಸ್ಟನ್ ಮತ್ತು ಸ್ಟಾನ್ಲಿ ದೋಣಿಯಲ್ಲಿ ಹೋಗಿ ನೋಡಿದಾಗ, ನದಿಯು ಸ್ಥಳೀಯರು ಹೇಳಿದಂತೆ ಒಳಕ್ಕೇ ಹರಿಯುತ್ತಿತ್ತು. ತೀರವಾಸಿಗಳ ಮಾತು ತಮ್ಮ ವಾದಕ್ಕೆ ಅನುಕೂಲವಾದಾಗ ಪ್ರಮಾಣ, ಪ್ರತಿಕೂಲವಾದಾಗ ಅಜ್ಞಾನ ಎಂಬ ಈ ನಡವಳಿಕೆಯು ಇಬ್ಬರಲ್ಲಿಯೂ ಸಮಾನವಾಗಿದೆ.

ಮುಂದಿನ ಕಥೆ ಪ್ರಸಿದ್ಧವಾದುದು. ಸ್ಪೀಕನು ಗ್ರಾಂಟನೊಡನೆ 1860ರಲ್ಲಿ ಮತ್ತೆ ಹೊರಟು, ಕಾರಾಗ್ವೆಯ ಅರಸು ರುಮಾನಿಕಾ ಮತ್ತು ಬುಗಾಂಡದ ಕಬಾಕಾ ಮುತೇಸಾ ಇವರ ಆಶ್ರಯದಲ್ಲಿ ತಿಂಗಳುಗಟ್ಟಲೆ ಇದ್ದು, 1862ರ ಜುಲೈ 28ರಂದು ನೈಲ್ ನದಿಯು ಸರೋವರದಿಂದ ಧುಮುಕುವ ಸ್ಥಳವನ್ನು ಕಂಡು ಅದನ್ನು ರಿಪನ್ ಜಲಪಾತವೆಂದು ಕರೆದನು. ಆದರೆ ನದಿಯನ್ನು ಉದ್ದಕ್ಕೂ ಅನುಸರಿಸದೆ ಅಡ್ಡದಾರಿ ಹಿಡಿದುದರಿಂದ ವಾದವು ಮುಗಿಯಲಿಲ್ಲ. 1864ರ ಸೆಪ್ಟೆಂಬರ್ 16ರಂದು ಬಾತ್ ನಗರದಲ್ಲಿ ಇಬ್ಬರ ಮುಖಾಮುಖಿ ಚರ್ಚೆ ಏರ್ಪಟ್ಟಿತ್ತು. ಅದರ ಹಿಂದಿನ ದಿನ ಬೇಟೆಯಲ್ಲಿದ್ದ ಸ್ಪೀಕನು ತನ್ನದೇ ಕೋವಿಯ ಗುಂಡಿಗೆ ಬಲಿಯಾದನು.

3

ವಿದ್ಯಾರ್ಥಿನಿಯ ಪ್ರಶ್ನೆಗೆ ಈಗ ಬರೋಣ. ದಾರಿ ತೋರಿಸಿದವರಲ್ಲಿ ಪ್ರಮುಖನಾದ ಸಿದಿ ಮುಬಾರಕ್ ಬಾಂಬೆಯ ಚರಿತ್ರೆಯು ನಮ್ಮ ವಿಶೇಷ ಗಮನಕ್ಕೆ ಅರ್ಹವಾದುದು. ಅವನು ಯಾವೋ ಜನಾಂಗದವನು. ಬಾಲ್ಯದಲ್ಲಿ ಸೆರೆಸಿಕ್ಕಿ ಬಟ್ಟೆಗೆ ಬದಲಾಗಿ ಮಾರಲ್ಪಟ್ಟು, ಒಬ್ಬ ವರ್ತಕನ ಗುಲಾಮನಾಗಿ ಪಶ್ಚಿಮ ಭಾರತಕ್ಕೆ ಬಂದನು. ಅಲ್ಲಿ ಹಲವು ವರ್ಷ ಬಾಳಿ ಹಿಂದೂಸ್ತಾನಿಯನ್ನು ಕಲಿತನು. ಒಡೆಯನು ತೀರಿಕೊಂಡ ಮೇಲೆ ಬಿಡುಗಡೆ ಹೊಂದಿ, ಜಾಂಜಿಬಾರಿಗೆ ಹಿಂದಿರುಗಿ, ಸುಲ್ತಾನನ ಸೈನ್ಯದಲ್ಲಿ ಸಿಪಾಯಿಯಾದನು. ಬರ್ಟನ್ ಮತ್ತು ಸ್ಪೀಕ್ ಅವನನ್ನು 1857ರಲ್ಲಿ ಕೂಲಿಗೆ ಗೊತ್ತುಮಾಡಿಕೊಂಡರು.

ಅವನ ಹೆಸರಿನಲ್ಲಿರುವ ಬಾಂಬೆ ಎಂಬುದು ನಮ್ಮ ಮುಂಬಯಿಯ ನೆನಪು. ಸಿದಿ ಎಂಬುದು ನಮ್ಮ ಉತ್ತರ ಕನ್ನಡದ ಕಾಡುಗಳಲ್ಲಿ ಇಂದಿಗೂ ನೆಲೆಸಿರುವ ಆಫ್ರಿಕಾ ಮೂಲದ ಜನರನ್ನು ನಾವು ಕರೆಯುವ ಹೆಸರು. ಸಾಗರದಾಚೆಯಿಂದ ಈಚೆಗೆ ಮನುಷ್ಯರನ್ನು ಸರಕಿನಂತೆ ಸಾಗಿಸಿದ ಆ ವ್ಯಾಪಾರವೇ ಸ್ಪೀಕನ ನಾಲಗೆಗೆ ಒಬ್ಬ ದುಭಾಷಿಯನ್ನೂ ಒದಗಿಸಿತು. ಸ್ಪೀಕನು ಸರೋವರವನ್ನು ಕುರಿತು ಕೇಳಿ ತಿಳಿದ ಎಷ್ಟೋ ಸಂಗತಿ ಅವನಿಗೆ ತಲಪಿದುದು ಇಂಗ್ಲಿಷಿನಲ್ಲಿ ಅಲ್ಲ, ಅರಬ್ಬಿಯಲ್ಲಿ ಅಲ್ಲ, ಭಾರತದಲ್ಲಿ ಗುಲಾಮನಾಗಿದ್ದವನೊಬ್ಬನ ಹಿಂದೂಸ್ತಾನಿಯಲ್ಲಿ. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಮಾತು ಒಂದು ವಾಕ್ಯದಷ್ಟು ಸ್ಥಳವನ್ನಾದರೂ ಪಡೆಯಬೇಕು.

ಬಾಂಬೆಯು ಬರ್ಟನ್ ಮತ್ತು ಸ್ಪೀಕರ ಬಳಿಕ ಸ್ಪೀಕ್ ಮತ್ತು ಗ್ರಾಂಟರೊಡನೆ ಈಜಿಪ್ಟಿನವರೆಗೂ ನಡೆದನು. 1871ರಲ್ಲಿ ಸ್ಟಾನ್ಲಿಯೊಡನೆ ಉಜಿಜಿಗೆ ಹೋದನು. 1873ರಿಂದ ಕ್ಯಾಮೆರನನೊಡನೆ ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ಖಂಡವನ್ನೇ ದಾಟಿದನು. ಇಷ್ಟು ನಡೆದವರು ಆ ಕಾಲದ ಯೂರೋಪಿಯನ್ ಶೋಧಕರಲ್ಲಿಯೂ ವಿರಳ. ಲಂಡನ್ನಿನ ರಾಯಲ್ ಭೂಗೋಳ ಸಂಘವು ಅವನಿಗೆ ಬೆಳ್ಳಿಯ ಪದಕವನ್ನೂ ಜೀವನವೇತನವನ್ನೂ ಕೊಟ್ಟಿತು. ಆದರೆ ಅವನ ಮಾತು ನಮಗೆ ದೊರೆಯುವುದು ಒಡೆಯರ ಲೇಖನಿಯ ಮೂಲಕ ಮಾತ್ರ. ಅಲ್ಲಿ ಅವನು ಒಮ್ಮೆ ನಂಬಿಗಸ್ತನಾಗಿಯೂ, ಒಮ್ಮೆ ಕುಡುಕನಾಗಿಯೂ, ಒಮ್ಮೆ ನಗೆಯ ಪಾತ್ರವಾಗಿಯೂ ಬರುತ್ತಾನೆ. ಒಬ್ಬನೇ ಮನುಷ್ಯನನ್ನು ನಾಲ್ವರು ನಾಲ್ಕು ಬಗೆಯಾಗಿ ಬರೆದಿರುವಾಗ, ಆ ವ್ಯತ್ಯಾಸವು ಬರೆದವರ ಗುಣವನ್ನು ಕುರಿತೇ ಹೆಚ್ಚಾಗಿ ಹೇಳುತ್ತದೆಯೆಂದು ನನ್ನ ಅಭಿಪ್ರಾಯ.

ದಾರಿ ತೋರಿಸಿದವರಲ್ಲಿ ಭಾರತೀಯ ವರ್ತಕರೂ ಇದ್ದರು. ಜಾಂಜಿಬಾರಿನ ಸುಂಕದ ಗುತ್ತಿಗೆಯು ಬಹುಕಾಲ ಕಚ್ಛದ ಜಯರಾಂ ಶಿವಜಿಯ ಮನೆತನದ ಕೈಯಲ್ಲಿತ್ತು. ಕಾಜೆಯಲ್ಲಿ ಸೂರತ್ತಿನ ಖೋಜಾ ವರ್ತಕನಾದ ಮೂಸಾ ಮ್ಜೂರಿಯು ದಂತದ ವ್ಯಾಪಾರವನ್ನು ನಡೆಸುತ್ತಾ, ಉತ್ತರದ ರಾಜ್ಯಗಳೊಡನೆ ಸಂಬಂಧವಿಟ್ಟುಕೊಂಡಿದ್ದನು. ಇವರ ಜ್ಞಾನವು ನಿಜವಾದುದು. ಕಾಲಲ್ಲಿ ನಡೆದು, ಲೆಕ್ಕ ಬರೆದು ಗಳಿಸಿದುದು. ಆದರೆ ಆ ದಂತದ ಹಿಂದೆ ಹೊರೆಯಾಳುಗಳ ಮತ್ತು ಗುಲಾಮರ ದುಡಿಮೆಯಿತ್ತೆಂಬುದನ್ನು ಮರೆತು ಈ ವರ್ತಕರನ್ನು ನಮ್ಮ ಹೆಮ್ಮೆಯ ಪಟ್ಟಿಗೆ ಸೇರಿಸಿಕೊಳ್ಳುವುದು ಉಚಿತವಲ್ಲ.

4

ಎರಡನೆಯ ವಿದ್ಯಾರ್ಥಿಯ ಮಾತು ಸಂಪೂರ್ಣವಾಗಿ ಕಟ್ಟುಕಥೆಯಲ್ಲ. ಸ್ಪೀಕನು ತನ್ನ 1863ರ ಗ್ರಂಥದಲ್ಲಿ, ಕರ್ನಲ್ ರಿಗ್ಬಿಯು ತನಗೆ ಲೆಫ್ಟಿನೆಂಟ್ ವಿಲ್ಫರ್ಡನ ಒಂದು ಪ್ರಬಂಧವನ್ನೂ ನಕ್ಷೆಯನ್ನೂ ಕೊಟ್ಟನೆಂದು ಬರೆದಿದ್ದಾನೆ. ಹಿಂದೂಗಳ ಪುರಾಣಗಳನ್ನು ಆಧರಿಸಿ ರಚಿತವಾದ ಆ ನಕ್ಷೆಯಲ್ಲಿ ನೈಲ್ ನದಿಯು ಚಂದ್ರಪರ್ವತಗಳ ಸಮೀಪದಲ್ಲಿರುವ ಅಮರವೆಂಬ ಸರೋವರದಿಂದ ಹೊರಡುತ್ತದೆ. ಸರೋವರದ ಎರಡು ತುದಿಗಳೊಡನೆಯೂ ಪ್ರಾಚೀನ ಹಿಂದೂಗಳಿಗೆ ಸಂಪರ್ಕವಿದ್ದಿರಬೇಕೆಂದು ಸ್ಪೀಕನು ಊಹಿಸಿದನು. ಫೋನಿನ ಬರಹವು ಇಷ್ಟನ್ನು ಸರಿಯಾಗಿಯೇ ಹೇಳಿ, ಇಲ್ಲಿಗೇ ನಿಲ್ಲುತ್ತದೆ. ಇಲ್ಲಿಗೇ ನಿಲ್ಲುವುದೇ ಅದರ ದೋಷ.

ಫ್ರಾನ್ಸಿಸ್ ವಿಲ್ಫರ್ಡನ ಈ ಪ್ರಬಂಧವು ಕಲ್ಕತ್ತೆಯ ಏಷಿಯಾಟಿಕ್ ಸಂಘದ ಸಂಶೋಧನ ಪತ್ರಿಕೆಯ ಮೂರನೆಯ ಸಂಪುಟದಲ್ಲಿ 1792ರಲ್ಲಿ ಬಂದುದು. ಸರ್ ವಿಲಿಯಂ ಜೋನ್ಸನಂಥ ವಿದ್ವಾಂಸನೂ ಅದನ್ನು ಮೊದಲು ಮೆಚ್ಚಿದ್ದನು. ವಿಲ್ಫರ್ಡನು ಈಜಿಪ್ಟು, ಗ್ರೀಸುಗಳ ಕಥೆಗಳನ್ನು ತನ್ನ ಪಂಡಿತನಿಗೆ ಮೊದಲೇ ಹೇಳಿ, ಅವಕ್ಕೆ ಸಮಾನವಾದವು ಪುರಾಣಗಳಲ್ಲಿ ಇವೆಯೇ ಎಂದು ಹುಡುಕಿಸುತ್ತಿದ್ದನು. ಪಂಡಿತನು ಹುಡುಕಿ ಕೊಟ್ಟನು. ಸಿಕ್ಕದ ಕಡೆ ಹೆಸರುಗಳನ್ನು ತಿದ್ದಿ, ಶ್ಲೋಕಗಳನ್ನು ತಾನೇ ಹೊಸೆದು ಕೊಟ್ಟನು. ವಿಲ್ಫರ್ಡನು ಹಸ್ತಪ್ರತಿಯಲ್ಲಿ ತಿದ್ದಿದ ಗುರುತನ್ನು ಕಂಡು, ಬೇರೆ ಪ್ರತಿಗಳೊಡನೆ ಹೋಲಿಸಿ ನೋಡಿದಾಗ ವಂಚನೆ ಬಯಲಾಯಿತು. ಅವನದೊಂದು ಗುಣವೆಂದರೆ ಅದನ್ನು ಮುಚ್ಚಿಡಲಿಲ್ಲ. ಅದೇ ಪತ್ರಿಕೆಯ ಎಂಟನೆಯ ಸಂಪುಟದಲ್ಲಿ, 1805ರಲ್ಲಿ, ತಾನು ಮೋಸಹೋದುದನ್ನು ಬಹಿರಂಗವಾಗಿ ಒಪ್ಪಿಕೊಂಡನು.

ಎಂದರೆ ಸ್ಪೀಕನು ಆ ನಕ್ಷೆಯನ್ನು ಮುದ್ರಿಸುವ ಸುಮಾರು ಆರು ದಶಕಗಳ ಮೊದಲೇ ಅದರ ಬುಡವು ಕಳಚಿತ್ತು. ಸ್ಪೀಕನು ಸಂಸ್ಕೃತಜ್ಞನಲ್ಲ, ಅವನ ತಪ್ಪನ್ನು ಕ್ಷಮಿಸಬಹುದು. ಸಂಸ್ಕೃತದ ನಾಡಿನಲ್ಲಿದ್ದು, ಮೂರನೆಯ ಸಂಪುಟವನ್ನು ಉದ್ಧರಿಸಿ ಎಂಟನೆಯದನ್ನು ತೆರೆಯದಿರುವ ನಮ್ಮವರಿಗೆ ಆ ಕ್ಷಮೆ ಸಲ್ಲದು. ನಮ್ಮ ಪುರಾಣಗಳ ಹಿರಿಮೆಗೆ ನೈಲ್ ನದಿಯ ನಕ್ಷೆಯ ಆಸರೆ ಬೇಕಾಗಿಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ: ಸರೋವರದ ಜ್ಞಾನವನ್ನು ಇಂಗ್ಲಿಷಿನವನ ಕೈಯಿಂದ ಕಿತ್ತು ಪ್ರಾಚೀನ ಹಿಂದೂವಿನ ಕೈಗೆ ಕೊಟ್ಟಾಗಲೂ, ಅದು ಸರೋವರದ ತೀರದ ಮನುಷ್ಯನ ಕೈಗೆ ಬರಲಿಲ್ಲ. ಎರಡು ಕಥೆಗಳಲ್ಲಿಯೂ ಅವನಿಗೆ ಸ್ಥಳವಿಲ್ಲ.

5

ತೀರದ ಮನುಷ್ಯನ ಸರೋವರ ಎಂತಹುದಾಗಿತ್ತು? ಮೊದಲಿಗೆ ಅದಕ್ಕೆ ಹೆಸರಿತ್ತು. ಬುಗಾಂಡದವರು ಅದನ್ನು ನಲುಬಾಲೆ ಎನ್ನುತ್ತಾರೆ; ಲುಬಾಲೆ ಎಂದರೆ ದೈವ. ನಮ್ಮ ತುಳುನಾಡಿನ ಓದುಗರಿಗೆ ಆ ಭಾವವು ಅಪರಿಚಿತವಲ್ಲ. ಸೆಸೆ ದ್ವೀಪಗಳಲ್ಲಿದ್ದ ಮುಕಾಸಾ ಎಂಬ ದೈವವೇ ಸರೋವರದ ಒಡೆಯನು. ಪೂರ್ವತೀರದ ಲುವೋ ಜನರು ಅದನ್ನು ನಾಮ್ ಲೋಲ್ವೆ ಎಂದು ಕರೆದರು. ಉಕೆರೆವೆ ಎಂಬುದು ಅದರ ಒಂದು ದ್ವೀಪದ ಹೆಸರು. ನ್ಯಾಂಜಾ ಎಂದರೆ ದೊಡ್ಡ ನೀರು ಎಂದಷ್ಟೇ ಅರ್ಥ. ಹಲಗೆಗಳನ್ನು ಹೊಲಿದು ಕಟ್ಟಿದ ದೋಣಿಗಳಲ್ಲಿ ಬುಗಾಂಡದ ಅರಸರು ಯುದ್ಧಕ್ಕೂ ವ್ಯಾಪಾರಕ್ಕೂ ಹೋಗುತ್ತಿದ್ದರು. 1875ರಲ್ಲಿ ಸ್ಟಾನ್ಲಿಯು ತಾನು ಕಂಡ ಕಬಾಕನ ನೌಕಾಪಡೆಯಲ್ಲಿ ಇನ್ನೂರಕ್ಕೂ ಹೆಚ್ಚು ಯುದ್ಧದೋಣಿಗಳನ್ನು ಎಣಿಸಿದನು. ಇದನ್ನು "ಯಾರೂ ಅರಿಯದ ನೀರು" ಎನ್ನುವುದು ಹೇಗೆ?

ಸರೋವರವು ಒಂದೇ ಜಲರಾಶಿಯೆಂಬುದನ್ನು ಯೂರೋಪಿಗೆ ಸಿದ್ಧಪಡಿಸಿ ತೋರಿಸಿದ ಕೀರ್ತಿ ಸ್ಟಾನ್ಲಿಯದು. 1875ರ ಮಾರ್ಚಿಯಿಂದ ಮೇ ತಿಂಗಳವರೆಗೆ ಅವನು ಲೇಡಿ ಆಲಿಸ್ ಎಂಬ ದೋಣಿಯಲ್ಲಿ ಅದನ್ನು ಸುತ್ತಿದನು. ಸ್ಪೀಕನ ಊಹೆಗೆ ಬೇಕಾಗಿದ್ದ ಪ್ರಮಾಣವು ಆಗ ದೊರೆಯಿತು. ಈ ಸಾಧನೆಯನ್ನು ಕಿರಿದೆನ್ನಲಾಗದು. ಆದರೆ ಅದೇ ಪ್ರಯಾಣದಲ್ಲಿ ಬುಂಬಿರೆ ದ್ವೀಪದವರು ಆಹಾರಕ್ಕಾಗಿ ದಡಕ್ಕೆ ಬಂದ ಅವನ ದೋಣಿಯನ್ನು ಎಳೆದು ಹುಟ್ಟುಗಳನ್ನು ಕಿತ್ತುಕೊಂಡರು. ಅವನು ಗುಂಡುಹಾರಿಸಿ ತಪ್ಪಿಸಿಕೊಂಡನು. ಆಗಸ್ಟ್ ತಿಂಗಳಲ್ಲಿ ಅವನು ಹೆಚ್ಚಿನ ಬಲದೊಡನೆ ಹಿಂದಿರುಗಿ, ದಡದಲ್ಲಿ ಸೇರಿದ್ದ ಜನರ ಮೇಲೆ ದೋಣಿಗಳಿಂದಲೇ ಗುಂಡಿನ ಮಳೆಗರೆದನು. ಸತ್ತವರು ಮೂವತ್ತಕ್ಕೂ ಹೆಚ್ಚೆಂದು ಅವನ ಲೆಕ್ಕವೇ ಹೇಳುತ್ತದೆ.

ಆ ಕಾಲದ ನೀತಿಯೇ ಬೇರೆಯೆಂದು ಇದನ್ನು ತಳ್ಳಿಹಾಕುವವರುಂಟು. ಆದರೆ 1876ರಲ್ಲಿ ಲಂಡನ್ನಿನ ಭೂಗೋಳ ಸಂಘದಲ್ಲಿಯೇ, ಮಾರ್ಕೋ ಪೋಲೋವಿನ ಅನುವಾದಕನೂ ಬಂಗಾಳ ಸೈನ್ಯದ ನಿವೃತ್ತ ಎಂಜಿನಿಯರನೂ ಆಗಿದ್ದ ಹೆನ್ರಿ ಯೂಲನು ಈ ಕೃತ್ಯವನ್ನು ಆಕ್ಷೇಪಿಸಿದನು, ಹೈಂಡ್‌ಮನ್ನನೂ ದನಿಗೂಡಿಸಿದನು. ಆದುದರಿಂದ ತಪ್ಪನ್ನು ತಪ್ಪೆಂದು ಗುರುತಿಸಬಲ್ಲ ಕಣ್ಣು ಆ ಕಾಲದಲ್ಲಿಯೂ ಇತ್ತು. ಸಾಹಸದ ಕಥೆಯಾಗಿ ಓದಿದಾಗ ಬುಂಬಿರೆಯು ನಾಯಕನ ಪರಾಕ್ರಮದ ಒಂದು ಅಧ್ಯಾಯ. ಸಾಕ್ಷ್ಯವಾಗಿ ಓದಿದಾಗ, ಒಂದೇ ಪಕ್ಷದ ಹೇಳಿಕೆಯಿಂದ ನಡೆದ ಒಂದು ವಿಚಾರಣೆ. ದ್ವೀಪದವರು ಆ ಅಪರಿಚಿತ ದೋಣಿಯನ್ನು ಕಂಡು ಏನೆಂದು ತಿಳಿದರೆಂಬುದು ಗ್ರಂಥದಲ್ಲಿಲ್ಲ.

6

ಇಪ್ಪತ್ತನೆಯ ಶತಮಾನದಲ್ಲಿ ಶೋಧಕರ ಸ್ಥಳಕ್ಕೆ ಪ್ರವಾಸಿಗಳು ಬಂದರು. 1896ರಿಂದ 1901ರವರೆಗೆ ಮೊಂಬಾಸಾದಿಂದ ಸರೋವರದ ತೀರಕ್ಕೆ ಹಾಕಿದ ರೈಲುದಾರಿಗೆ ಸುಮಾರು 32,000 ಭಾರತೀಯ ಕೂಲಿಗಳು ದುಡಿದರು. ಅವರಲ್ಲಿ ಸುಮಾರು 2,500 ಮಂದಿ ಅಲ್ಲಿಯೇ ಸತ್ತರು. 1907ರಲ್ಲಿ ಆ ದಾರಿಯಲ್ಲಿ ಬಂದ ವಿನ್‌ಸ್ಟನ್ ಚರ್ಚಿಲನು ಮರುವರ್ಷ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ ಉಗಾಂಡದ ಸೌಂದರ್ಯವನ್ನು ಕೊಂಡಾಡಿದನು, ಅಲ್ಲಿಯ ನಿದ್ರಾರೋಗದ ಭೀಕರತೆಯನ್ನು ಬರೆದನು, ರಿಪನ್ ಜಲಪಾತದಿಂದ ವಿದ್ಯುಚ್ಛಕ್ತಿಯನ್ನು ಪಡೆಯುವ ಕನಸನ್ನೂ ಕಂಡನು. ಈ ಮೂರನ್ನೂ ಒಂದೇ ಪುಸ್ತಕದಲ್ಲಿ ಹೇಳಿದುದು ಅದರ ಗುಣ. ಇಂದಿನ ಕೈಪಿಡಿಗಳಲ್ಲಿ ಮೊದಲನೆಯದು ಮಾತ್ರ ಉಳಿದಿದೆ.

ಉದಾಹರಣೆಗೆ ಸೆಸೆ ದ್ವೀಪಗಳನ್ನು ನೋಡಬಹುದು. ದಟ್ಟವಾದ ಕಾಡು, ಬಿಳಿಯ ಮರಳು, ಹಕ್ಕಿಗಳ ಕೂಗು. ಮನುಷ್ಯನ ಕೈ ಮುಟ್ಟದ ಪ್ರಕೃತಿಯೆಂದು ಇವುಗಳ ವರ್ಣನೆ. ಆದರೆ ಇವೇ ಮುಕಾಸಾ ದೈವದ ಗುಡಿಯಿದ್ದ, ದೋಣಿ ಕಟ್ಟುವವರೂ ಅಂಬಿಗರೂ ತುಂಬಿದ್ದ ದ್ವೀಪಗಳು. 1900ರ ಸುಮಾರಿಗೆ ಆರಂಭವಾದ ನಿದ್ರಾರೋಗವು ಎರಡು ದಶಕಗಳಲ್ಲಿ ಸರೋವರದ ಉತ್ತರತೀರದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ರೋಗವಾಹಕವಾದ ಟ್ಸೆಟ್ಸೆ ನೊಣದಿಂದ ಜನರನ್ನು ದೂರವಿರಿಸಲು ವಸಾಹತು ಸರಕಾರವು ತೀರವನ್ನೂ ಬಳಿಕ ದ್ವೀಪಗಳನ್ನೂ ತೆರವು ಮಾಡಿಸಿತು. ಜನರು ಹೋದ ಹೊಲಗಳಲ್ಲಿ ಕಾಡು ಬೆಳೆಯಿತು. ಆದಿಮ ಪ್ರಕೃತಿಯೆಂದು ಪ್ರವಾಸಿಯು ಮೆಚ್ಚುವ ಕಾಡಿನಲ್ಲಿ ಎಷ್ಟೋ ಪಾಲು ಒಂದು ಶತಮಾನದ ಈಚಿನದು, ಅದರಡಿಯಲ್ಲಿ ಊರುಗಳಿದ್ದವು. ಟಾಂಜಾನಿಯಾದ ರುಬೊಂಡೊ ದ್ವೀಪದ ಕಥೆಯೂ ಇದಕ್ಕೆ ದೂರವಲ್ಲ. 1960ರ ದಶಕದಲ್ಲಿ ಅಲ್ಲಿಯ ಬೆಸ್ತರನ್ನು ಹೊರಗೆ ಕಳಿಸಲಾಯಿತು. ಅದೇ ದಶಕದಲ್ಲಿ ಯೂರೋಪಿನ ಪಂಜರಗಳಿಂದ ಚಿಂಪಾಂಜಿಗಳನ್ನು ತಂದು ಬಿಡಲಾಯಿತು. 1977ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು.

ನೀರಿನ ಒಳಗಣ ಪ್ರಕೃತಿಗೂ ಹೀಗೆಯೇ ಇತಿಹಾಸವಿದೆ. 1950ರ ದಶಕದಲ್ಲಿ ಸರೋವರಕ್ಕೆ ಬಿಟ್ಟ ನೈಲ್ ಪರ್ಚ್ ಎಂಬ ದೊಡ್ಡ ಮೀನು, ಅಲ್ಲಿಗೇ ವಿಶಿಷ್ಟವಾದ ನೂರಾರು ಜಾತಿಯ ಸಣ್ಣ ಮೀನುಗಳ ನಾಶಕ್ಕೆ ಮುಖ್ಯ ಕಾರಣವಾಯಿತು. ಇಂದು ಪ್ರವಾಸಿಗಳು ಗಾಳಹಾಕಿ ಹಿಡಿದು, ತೂಗಿ, ಭಾವಚಿತ್ರ ತೆಗೆಸಿಕೊಳ್ಳುವುದು ಇದೇ ಮೀನಿನೊಡನೆ. ಜಲಪಾತಗಳ ಗತಿಯೂ ಗಮನಾರ್ಹ. ಸ್ಪೀಕನು ಕಂಡ ರಿಪನ್ ಜಲಪಾತವು 1954ರಲ್ಲಿ ಪೂರ್ಣವಾದ ಓವೆನ್ ಫಾಲ್ಸ್ ಅಣೆಕಟ್ಟೆಯ ನೀರಿನಲ್ಲಿ ಮುಳುಗಿತು. ಆ ವಿದ್ಯುದಾಗಾರಕ್ಕೆ ಈಗಿನ ಹೆಸರು ನಲುಬಾಲೆ. ಅದರ ಕೆಳಗಿನ ಬುಜಗಾಲಿಯ ಇಳಿಜಲವು ಬುಸೋಗದವರ ಒಂದು ದೈವದ ನೆಲೆ. ತೆಪ್ಪದ ಸಾಹಸಕ್ಕಾಗಿ ಲೋಕಪ್ರಸಿದ್ಧವಾಗಿದ್ದ ಅದೂ 2012ರಲ್ಲಿ ಮುಗಿದ ಇನ್ನೊಂದು ಅಣೆಕಟ್ಟೆಯ ಹಿನ್ನೀರಿನಲ್ಲಿ ಮರೆಯಾಯಿತು. ಅಣೆಕಟ್ಟೆಗಳನ್ನು ಕಟ್ಟಬಾರದಾಗಿತ್ತೆಂದು ಲಿಂಗನಮಕ್ಕಿಯ ದೀಪದಲ್ಲಿ ಓದಿದ ನಾವು ಹೇಳುವಂತಿಲ್ಲ. ಮುಳುಗಿದುದನ್ನು ಮುಳುಗಿತೆಂದು ಬರೆದಿಡುವುದಷ್ಟೇ ಇತಿಹಾಸಕಾರನ ಕೆಲಸ.

7

ಮೇಲಿನ ವಿವೇಚನೆಯ ತಾತ್ಪರ್ಯವು ಈ ಪ್ರವಾಸಗ್ರಂಥಗಳನ್ನು ಬದಿಗಿರಿಸಬೇಕೆಂಬುದಲ್ಲ. ಬರ್ಟನನ ಪುಟಗಳಲ್ಲಿ ಆಫ್ರಿಕನರ ಬಗೆಗೆ ತಿರಸ್ಕಾರವು ತುಂಬಿದ್ದರೂ, ಬಟ್ಟೆ ಮಣಿಗಳ ಧಾರಣೆ, ದಾರಿಯ ಸುಂಕ, ನುಡಿಗಳ ವಿವರ ಇವುಗಳಿಗೆ ಅದು ಇಂದಿಗೂ ಬೆಲೆಯುಳ್ಳ ಆಕರ. ಸ್ಪೀಕನ ದಿನಚರಿಯಿಲ್ಲದೆ ಮುತೇಸಾನ ಆಸ್ಥಾನದ 1862ರ ಚಿತ್ರವು ನಮಗೆ ದೊರೆಯುತ್ತಿರಲಿಲ್ಲ. ಇವನ್ನು ಓದಬೇಕು, ಒಬ್ಬನೇ ಸಾಕ್ಷಿಯ ಹೇಳಿಕೆಯನ್ನು ಓದುವ ಎಚ್ಚರದಿಂದ ಓದಬೇಕು. ಜೊತೆಯಲ್ಲಿ ಇತರ ಸಾಕ್ಷಿಗಳನ್ನೂ ಕರೆಯಬೇಕು. ಬುಗಾಂಡದ ಪ್ರಧಾನಿಯಾಗಿದ್ದ ಅಪೋಲೋ ಕಗ್ವಾ ತನ್ನ ನಾಡಿನ ಅರಸರ ಚರಿತ್ರೆಯನ್ನು ಲುಗಾಂಡ ಭಾಷೆಯಲ್ಲಿಯೇ 1901ರಲ್ಲಿ ಪ್ರಕಟಿಸಿದನು. ಮರುವರ್ಷ ಅವನು ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆಂದು ಇಂಗ್ಲೆಂಡಿಗೆ ಹೋದಾಗ ಜೊತೆಗಿದ್ದ ಹಾಮ್ ಮುಕಾಸಾ ಆ ಪ್ರಯಾಣವನ್ನು ಬರೆದಿಟ್ಟನು. ಅದರ ಇಂಗ್ಲಿಷ್ ಅನುವಾದವು 1904ರಲ್ಲಿ ಬಂತು. ಸರೋವರದ ತೀರದಿಂದ ಹೊರಟವನು ಲಂಡನ್ನನ್ನು ನೋಡಿ ಬೆರಗಾಗಿ, ಅಳೆದು, ತನ್ನ ಜನಕ್ಕೆ ವಿವರಿಸುವ ಆ ಪುಸ್ತಕವನ್ನು ಸ್ಪೀಕನ ಪುಸ್ತಕದ ಪಕ್ಕದಲ್ಲಿಟ್ಟು ಓದಿದರೆ, "ಶೋಧ" ಎಂಬ ಪದದ ಅರ್ಥವೇನೆಂಬುದು ವಿದ್ಯಾರ್ಥಿಗಳಿಗೆ ತಾನಾಗಿ ಹೊಳೆಯುತ್ತದೆ. ಮುಕಾಸಾ ತಾನು ಲಂಡನ್ನನ್ನು ಕಂಡುಹಿಡಿದೆನೆಂದು ಹೇಳಲಿಲ್ಲ.

ಇಂದು ಜಿಂಜಾ ಪಟ್ಟಣದ ಬಳಿ ನೈಲ್ ಹೊರಡುವೆಡೆಗೆ ಹೋಗುವವರು ಒಂದು ದಡದಲ್ಲಿ ಸ್ಪೀಕನ ಸ್ಮಾರಕಸ್ತಂಭವನ್ನು ಕಾಣುತ್ತಾರೆ. ಇನ್ನೊಂದೆಡೆ ಗಾಂಧೀಜಿಯ ಪ್ರತಿಮೆಯಿದೆ. 1948ರಲ್ಲಿ ಅವರ ಚಿತಾಭಸ್ಮದ ಒಂದು ಭಾಗವನ್ನು ಅಲ್ಲಿಯ ನೀರಿನಲ್ಲಿ ವಿಸರ್ಜಿಸಲಾಯಿತು. ನಮ್ಮಲ್ಲಿಂದ ಹೋಗುವ ಪ್ರವಾಸಿಗಳು ಇವೆರಡರ ಮುಂದೆಯೂ ನಿಲ್ಲುವುದು ಸಹಜ. ಅಲ್ಲಿ ದೋಣಿ ನಡೆಸುವ ಅಂಬಿಗನನ್ನು ಈ ನೀರಿಗೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತೀರಿ ಎಂದು ಕೇಳಿ, ಅವನ ಉತ್ತರವನ್ನು ಬರೆದುಕೊಂಡು ಬಂದರೆ, ಅದು 1858ರ ಮ್ವಾಂಜಾದ ಆ ಮೂರು ದಿನಗಳಿಗಿಂತ ಹೆಚ್ಚಿನ ಸಂಶೋಧನೆಯಾದೀತು.

ಈ ವರ್ಷದಿಂದ ನನ್ನ ಪಾಠದ ವಾಕ್ಯವನ್ನು ಬದಲಾಯಿಸಿಕೊಂಡಿದ್ದೇನೆ: "1858ರಲ್ಲಿ, ಸಿದಿ ಮುಬಾರಕ್ ಬಾಂಬೆಯ ನೆರವಿನಿಂದಲೂ ಕಾಜೆಯ ವರ್ತಕರ ಸೂಚನೆಯಿಂದಲೂ ಸ್ಪೀಕನು ನಲುಬಾಲೆಯ ದಕ್ಷಿಣ ತೀರವನ್ನು ತಲಪಿ, ಯೂರೋಪಿಗೆ ಅದರ ಸುದ್ದಿಯನ್ನು ಮುಟ್ಟಿಸಿದನು." ವಾಕ್ಯವು ಉದ್ದವಾಯಿತೆಂದು ವಿದ್ಯಾರ್ಥಿಗಳು ದೂರುತ್ತಾರೆ. ಪರೀಕ್ಷೆಯಲ್ಲಿ ಅದನ್ನು ಪೂರ್ಣವಾಗಿ ಬರೆದವರಿಗೆ ಪೂರ್ಣ ಅಂಕಗಳನ್ನು ಕೊಡುತ್ತಿದ್ದೇನೆ.